ಗೌರಿ ಹೂವಿನ ಗೆಡ್ಡೆ

ಆಗಸ್ಟ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ 9.20. ಅಬ್ಬಿಗೆರೆ ಕಡೆಯ ಠಾಣೆಗೆ ದೂರು ತಂದವರು ಕೃಷ್ಣವೇಣಿ. ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ. ಹೋಮಿಯೋಪಥಿ ಕಾಲೇಜೊಂದರ ಔಷಧಿ ತೋಟವನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು.

"ಗೌರಿ ಹೂವಿನ ಆರು ಗೆಡ್ಡೆ ಅಗೆದು ಒಯ್ದಿದಾರೆ ಮೇಡಂ. ನಿನ್ನೆ ಸಂಜೆ ಇತ್ತು."

"ಗೆಡ್ಡೆಗೆ ಇಷ್ಟು ಗಾಬರೀನಾ?" ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಕೇಳಿದರು.

"ತಿಂದವರು ಉಳಿಯೋದು ಕಷ್ಟ."

ಎಫ್‌ಐಆರ್ ದಾಖಲಾಯಿತು. 10.05ಕ್ಕೆ ತೋಟದಲ್ಲಿ ಪಂಚನಾಮೆ. ಹಳದಿಯಿಂದ ಕೆಂಪಿಗೆ ತಿರುಗಿದ ಹೂಗಳು ಬಳ್ಳಿಸಮೇತ ಮಣ್ಣಲ್ಲಿ ಬಿದ್ದಿದ್ದವು. ಕೃಷ್ಣವೇಣಿ ಒಂದು ಎಲೆ ಎತ್ತಿದರು. "ತುದಿ ನೋಡಿ, ಸುರುಳಿ. ಎಲೆಯಿಂದಲೇ ಹಿಡ್ಕೊಂಡು ಮೇಲೇರತ್ತೆ. ಇದು ಲಿಲ್ಲಿ ಗಣದ್ದು. ಯುರೋಪಿನ ಕಾಲ್ಚಿಕಂ ಅನ್ನೋ ಗಿಡ ಇದರ ಕುಟುಂಬದ್ದೇ. ಹೋಮಿಯೋಪಥಿಯವರು ಅದರಿಂದ ಕೀಲುನೋವಿಗೆ ಔಷಧಿ ಮಾಡ್ತಾರೆ. ಎರಡರಲ್ಲೂ ಒಂದೇ ವಿಷ. ಅವರು ಮತ್ತೆ ಮತ್ತೆ ತೆಳು ಮಾಡಿ ಹನಿ ಕೊಡ್ತಾರೆ. ಹಸಿ ಗೆಡ್ಡೆ ಹಾಗಲ್ಲ."

ಒಂದು ಎಲೆಯಿಂದ ಇಷ್ಟು ಓದುವವರನ್ನು ಭಾಗ್ಯಶ್ರೀ ಕಂಡಿರಲಿಲ್ಲ. ಪಕ್ಕದಲ್ಲೇ ಇದ್ದ, ಒಳ್ಳೆ ಬೆಲೆಗೆ ಮಾರಾಟವಾಗುವ ಶತಾವರಿ ಬೇರನ್ನು ಕಳ್ಳ ಮುಟ್ಟಿರಲಿಲ್ಲ. ಅವನಿಗೆ ಬೇಕಾದದ್ದು ಇದೊಂದೇ.

"ಈಚೆಗೆ ಇದರ ಬಗ್ಗೆ ಯಾರಿಗಾದ್ರೂ ಹೇಳಿದ್ರಾ?"

"ಭಾನುವಾರ ಬೆಳಿಗ್ಗೆ ಇಲ್ಲೇ ನನ್ನ ಉಪನ್ಯಾಸ ಇತ್ತು. ಗೆಡ್ಡೆ ತೋರಿಸಿ, ಕೀಲುನೋವಿನ ಔಷಧಿ ಬಗ್ಗೇನೂ ಹೇಳಿದ್ದೆ. ಒಬ್ಬರು ಬಳ್ಳಿ ಹತ್ರ ಕೂತು ಚಿತ್ರ ಬರ್ಕೊಂಡ್ರು."

ಕಾನ್‌ಸ್ಟೇಬಲ್ ಹೇಮಂತ ಸಂದರ್ಶಕರ ಪುಸ್ತಕ ತೆರೆದ. ಸಿದ್ದಲಿಂಗ, ಅಬ್ಬಿಗೆರೆ, ಫೋನ್ ನಂಬರೂ ಇತ್ತು. ಹೇಮಂತ ಕರೆ ಮಾಡಿದ. ಉತ್ತರ ಬರಲಿಲ್ಲ.

11.15ಕ್ಕೆ ಅವರು ಮನೆ ಪತ್ತೆಹಚ್ಚಿ ಬಾಗಿಲು ಬಡಿದರು. ಬಾಗಲಕೋಟೆಯಿಂದ ಬಂದು ಕಾರ್ಖಾನೆಯಲ್ಲಿ ದುಡಿಯುವ ನಲವತ್ತೈದರ ಸಿದ್ದಲಿಂಗನ ಕೈಯಲ್ಲಿ ಲೋಟವಿತ್ತು. ಅರೆದ ಗೆಡ್ಡೆಯ ಬಿಳಿ ರಸ. ಭಾಗ್ಯಶ್ರೀ ಅದನ್ನು ಕಿತ್ತುಕೊಂಡರು.

"ಕುಡಿದ್ಯಾ?"

"ಇಲ್ರೀ."

"ಯಾರಿಗಾದ್ರೂ ಕೊಟ್ಯಾ?"

"ಇಲ್ರೀ ಮೇಡಂ. ಮೊದಲ ನಾ ಕುಡೀಬೇಕಂತ ಮಾಡಿದ್ದೆ. ನನಗೇನೂ ಆಗ್ಲಿಲ್ಲಂದ್ರ ಅಕಿಗೆ."

ಒಳಗೆ ಮಂಚದ ಮೇಲೆ ಅವನ ಹೆಂಡತಿ ಗೌರಮ್ಮ. ಎರಡು ವರ್ಷದಿಂದ ಕೀಲುಗಳು ಬಾತು ಬೆರಳು ಮಡಚಲಾರಳು.

"ಹನಿ ಔಷಧದಾಗ ಗುಣ ಐತಂದ್ರ, ಗೆಡ್ಡಿಯೊಳಗ ಎಷ್ಟಿರಬೇಕು ಅನ್ಕೊಂಡೆ," ಎಂದ.

ಗೆಡ್ಡೆಗಳೂ ರಸವೂ, ಚಿತ್ರ ಬರೆದ ನೋಟ್‌ಪುಸ್ತಕವೂ ಜಪ್ತಾದವು. 12.10ಕ್ಕೆ ಬಂಧನ. ಪಕ್ಕದ ಮನೆಯವರನ್ನು ಗೌರಮ್ಮನ ಬಳಿ ಕೂರಿಸಿ, ಜೀಪು ಠಾಣೆಗೆ ತಿರುಗಿತು.

ಗೆಡ್ಡೆ ಗುರುತಿಸಲು ಠಾಣೆಗೆ ಬಂದ ಕೃಷ್ಣವೇಣಿ ನೋಟ್‌ಪುಸ್ತಕವನ್ನು ನಿಂತೇ ಓದಿದರು. ಎಲೆಯ ಸುರುಳಿ, ಹಿಂದಕ್ಕೆ ಬಾಗಿದ ಎಸಳು, ನೇಗಿಲಿನಂತೆ ಕವಲೊಡೆದ ಗೆಡ್ಡೆ, ಎಲ್ಲವೂ ತಪ್ಪಿಲ್ಲದೆ.

"ಮೂವತ್ತು ವರ್ಷ ಪಾಠ ಮಾಡಿದೀನಿ. ಇಷ್ಟು ಚೆನ್ನಾಗಿ ಯಾರೂ ಬರ್ಕೊಂಡಿಲ್ಲ," ಎಂದರು. "ಆದ್ರೆ ವಿಷದ ಮಾತು ಕೊನೇಲಿ ಹೇಳಿದ್ದೆ. ಅದೊಂದೇ ಇಲ್ಲಿಲ್ಲ."

ಭಾಗ್ಯಶ್ರೀ ಅವನತ್ತ ತಿರುಗಿದರು. "ಯಾಕೆ ಬರೀಲಿಲ್ಲ?"

ಸಿದ್ದಲಿಂಗ ತಲೆ ತಗ್ಗಿಸಿದ. "ಅಷ್ಟೊತ್ತಿಗೆ ಎದ್ದು ಬಂದಿದ್ದೆ ಮೇಡಂ. ಹನ್ನೆರಡಕ್ಕ ಅಕಿನ್ನ ಎತ್ತಿ ಕೂಡ್ಸಬೇಕಿತ್ತು."