ಖಾಲಿ ಬಿಡಕೂಡದ ಚೌಕ

"ಸಂಜೆಯೊಳಗೆ ಕದ್ದ ಮಾಲು ತಂದಿಡಿ. ಇಲ್ಲಾಂದ್ರೆ ಪೊಲೀಸರನ್ನ ಕರೀತೀನಿ!"

ಯಜಮಾನರು ಗುಡುಗಿದ್ದು ಪಾರ್ಸಲ್ ಕಟ್ಟುವ ಹಿರಿಯರೊಬ್ಬರ ಮೇಲೆ; ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಶ್ರವಣಯಂತ್ರ ಮಾರುವ ಆ ಕಚೇರಿಯಿಂದ ಒಂದೇ ದ್ವೀಪದೇಶಕ್ಕೆ ಹೊರಟ ಮೂರು ಪಾರ್ಸಲ್ ಮಾಯವಾಗಿದ್ದವು. ಮೂರನ್ನೂ ಕಟ್ಟಿದ್ದು ಮಾವನೇ. ಫೋನಿನ ಮೇಜಿನಲ್ಲಿ ಕೂತಿದ್ದ ಅವರ ಮಗಳು ಕಣ್ಣೊರೆಸಿಕೊಂಡಳು.

ಅದೇ ಕಚೇರಿಯಲ್ಲಿದ್ದ ಅಕ್ಕ-ತಮ್ಮಂದಿರಲ್ಲಿ ತಮ್ಮ ಇದನ್ನು ನೋಡಿ ಅಕ್ಕನ ಮೇಜಿಗೆ ಓಡಿದ. ಅವನು ಅಲ್ಲಿನ ಸಾಫ್ಟ್‌ವೇರ್ ಬರೆಯುವವನು. ಅದರಲ್ಲಿ ತಪ್ಪು ಹುಡುಕುವವಳು ಅವನ ಸ್ವಂತ ಅಕ್ಕ. ಕಚೇರಿಯಲ್ಲಿ ಪೆನ್ನು ಕಳೆದರೂ ಜನ ಓಡುತ್ತಿದ್ದುದು ಅವಳ ಹತ್ತಿರವೇ.

"ಮಾವ ಅಂಥವರಲ್ಲ ಕಣೇ ಅಕ್ಕಾ. ಏನಾದ್ರೂ ಮಾಡು."

"ಅದನ್ನ ಆಮೇಲೆ ನೋಡೋಣ. ಮೊದಲು ನಾನೇ ಗಿರಾಕಿ ಆಗ್ತೀನಿ."

ಅಕ್ಕ ಕಚೇರಿಯ ಆರ್ಡರ್ ಪುಟ ತೆರೆದು ಆ ದ್ವೀಪದ ವಿಳಾಸ ಹಾಕಿ, ಪಿನ್‌ಕೋಡ್ ಚೌಕ ಖಾಲಿ ಬಿಟ್ಟಳು. ಪರದೆ ಕೆಂಪಾಗಿ ರೇಗಿತು.

"ಖಾಲಿ ಬಿಡಕೂಡದು ಅಂತ ಯಜಮಾನರ ಅಪ್ಪಣೆ," ಎಂದ ತಮ್ಮ.

ಚೌಕದೊಳಗೆ ಮಾದರಿ ಸಂಖ್ಯೆಯೊಂದು ಬೂದು ಬಣ್ಣದಲ್ಲಿತ್ತು. ಅದನ್ನೇ ತುಂಬಿದಳು. ಆರ್ಡರ್ ಸಲೀಸಾಗಿ ಹೋಯಿತು. "ಸಿಕ್ಕಿಬಿದ್ದೆಯಾ ಮರೀ!" ಎಂದು ಪರದೆಗೆ ಹೇಳಿದವಳೇ ಕೊರಿಯರ್ ಗೋದಾಮಿಗೆ ಫೋನ್ ಹಚ್ಚಿದಳು.

ಸಂಜೆ ಎಲ್ಲರೂ ಸೇರಿದಾಗ ಮೇಜಿನ ಮೇಲೆ ಮೂರೂ ಪಾರ್ಸಲ್ ಇದ್ದವು. ಒಂದರ ಅಂಟೂ ಬಿಚ್ಚಿರಲಿಲ್ಲ.

"ಆ ದೇಶದಲ್ಲಿ ಪಿನ್‌ಕೋಡ್ ಅನ್ನೋದೇ ಇಲ್ಲ," ಅಕ್ಕ ಬಿಡಿಸಿ ಹೇಳಿದಳು. "ನಮ್ಮ ಸಾಫ್ಟ್‌ವೇರ್ ಸಂಖ್ಯೆ ಇದೆಯಾ ಅಂತ ನೋಡುತ್ತೆ, ಯಾವ ದೇಶದ್ದು ಅಂತ ನೋಡಲ್ಲ. ಗಿರಾಕಿಗಳು ಮಾದರಿ ಸಂಖ್ಯೆ ಹಾಕಿದ್ರು. ಅದು ನಮ್ಮೂರಿನದೇ! ಕೊರಿಯರ್ ಯಂತ್ರ ಮೊದಲು ನಂಬೋದು ಪಿನ್‌ಕೋಡನ್ನ. ಪಾರ್ಸಲ್‌ಗಳು ಊರು ಬಿಟ್ಟೇ ಇಲ್ಲ, ಇಲ್ಲಿನ ಗೋದಾಮಿನಲ್ಲೇ ಬಿದ್ದಿದ್ವು."

"ಮೂವರಿಗೂ ಒಂದೇ ಉಪಾಯ ಹೊಳೀತಾ?" ತಮ್ಮ ಕೇಳಿದ.

"ಯಾರೋ ಹೇಳಿಕೊಟ್ಟಿದ್ದಾರೆ. ಆರ್ಡರ್ ಹೋಗದಿದ್ರೆ ಗಿರಾಕಿ ಫೋನ್ ಮಾಡೋದು ಯಾರಿಗೆ ಹೇಳು?"

ಮಾವನ ಮಗಳು ಬಿಕ್ಕಿದಳು. "ನಾನೇ ಹೇಳಿದ್ದು. ಮನೇಲಿ ಕಿವಿ ಕೇಳದವರಿದ್ದಾರೆ ಅಂತ ಅಂಗಲಾಚಿದ್ರು, ಪಾಪ ಅನ್ನಿಸ್ತು. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ."

"ಹಾಗಾದ್ರೆ ನಾಳೆಯಿಂದ ನೀನು ಬರಬೇಡ!" ಯಜಮಾನರು ಸಿಡುಕಿದರು.

ಮಾವ ಎದ್ದು ನಿಂತರು. "ಕಳ್ಳ ಅನ್ನೋ ಹೆಸರು ನನಗೇ ಇರಲಿ ಸ್ವಾಮಿ. ಅವಳನ್ನ ಬಿಟ್ಟುಬಿಡಿ."

ಅಕ್ಕ ಯಜಮಾನರತ್ತ ತಿರುಗಿದಳು. "ಇಲ್ಲದ ಸಂಖ್ಯೆ ಕೊಡು ಅಂತ ಹಟ ಹಿಡಿದವರು ಯಾರು ಯಜಮಾನ್ರೇ?"

ಯಜಮಾನರು ಎದ್ದು ಬಂದು ಮಾವನ ಕೈ ಹಿಡಿದುಕೊಂಡರು.

"ನಾನೇ. ಮಗಳ ಎದುರಿಗೆ ನಿಮ್ಮನ್ನ ಕಳ್ಳ ಅಂದವನೂ ನಾನೇ. ಅವಳ ಎದುರಿಗೇ ಕೇಳ್ತಿದೀನಿ, ಕ್ಷಮಿಸಿ ಮಾವ."