ನಕ್ಷೆಯಿಂದ ಅಳಿದ ಓಣಿ

ಫೆಸ್ ನಗರದ ಹಳೆಪೇಟೆಯ ವೆಬ್ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಹಾಗೆ ತಿದ್ದಿದ್ದು ಸರಿಯೇ ಎಂದು ಓಣಿ ಓಣಿ ಸುತ್ತಿ ನೋಡುವುದು ಶಾಮಾಳ ಕೆಲಸ. ಪ್ರತಿ ಗೆರೆಯ ಹಿಂದೆಯೂ ಎಳೆದವರ ಹೆಸರಿರುತ್ತದೆ. ಇವತ್ತು ಆ ಹೆಸರೇ ಅವಳ ಹೊಟ್ಟೆಗೆ ಕಿಚ್ಚಿಟ್ಟಿತು.

ಜವಾದ್! ಕಚೇರಿಯಲ್ಲಿ ಪಕ್ಕದ ಮೇಜಿನವನು. ದಿನಾ ಪುದೀನ ಚಹಾದ ಮೊದಲ ಗ್ಲಾಸನ್ನು ಅವಳತ್ತ ಸರಿಸಿ, ಅವಳು ನೋಡಿದರೆ ಕಿಟಕಿಯತ್ತ ತಿರುಗುವವನು.

ನಾಳೆ ಶುಕ್ರವಾರ. ರಬಾತ್‌ನಿಂದ ಗಂಡಿನ ಕಡೆಯವರು ಪದ್ಧತಿಯಂತೆ ಸಕ್ಕರೆಯ ದೊಡ್ಡ ಅಚ್ಚುಗಳನ್ನು ಹೊತ್ತು ಅವಳನ್ನು ಕೇಳಲು ಬರುತ್ತಾರೆ. ಅಷ್ಟರೊಳಗೆ ಈ ಮಹಾರಾಯ ಬಾಯಿ ಬಿಟ್ಟಾನು ಎಂದು ಶಾಮಾ ಕಾದದ್ದೇ ಬಂತು. ಇಲ್ಲಿ ನೋಡಿದರೆ ಅವನು ಅವಳ ಗೆಳತಿ ಬತೂಲಳ ಓಣಿಯನ್ನು ಮದುವಣಗಿತ್ತಿಯಂತೆ ಸಿಂಗರಿಸಿದ್ದಾನೆ. ಮೆಟ್ಟಿಲು, ನಲ್ಲಿ, ಅಂಜೂರದ ಮರ, ಬಾಗಿಲಿನ ಹಸಿರು ಬಣ್ಣ ಕೂಡ ಬಿಟ್ಟಿಲ್ಲ. ಅದರ ಬೆನ್ನಿಗೇ ಇರುವ ಶಾಮಾಳ ಓಣಿ ಮಾತ್ರ ನಕ್ಷೆಯಲ್ಲೇ ಇಲ್ಲ.

ಅವಳಿಗೆ ಅಳು ಬಂತು. ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

"ಬತೂಲ್ ಮನೆ ಬಾಗಿಲು ಎಷ್ಟು ಸಲ ತಟ್ಟಿದೀಯ?"

"ಒಂದ್ಸಲಾನೂ ಇಲ್ಲ ಕಣೇ."

"ಬಣ್ಣ ಕನಸಲ್ಲಿ ಕಂಡ್ಯಾ? ನನ್ನ ಓಣಿ ಎಲ್ಲಿ? ನುಂಗಿ ನೀರು ಕುಡಿದ್ಯಾ?"

ಜವಾದ್‌ನ ಕಿವಿ ಕೆಂಪಾಯಿತು. "ಅಳಿಸಿದೆ."

"ಯಾಕೆ?"

"ರಬಾತ್‌ನೋರು ಫೋನ್ ನೋಡ್ಕೊಂಡೇ ಬರ್ತಾರೆ. ಓಣಿ ಸಿಗದೆ ಬತೂಲ್ ಮನೆಗೆ ಹೋಗ್ಲಿ ಅಂತ. ಬತೂಲ್‌ಗೂ ಗಂಡು ಹುಡುಕ್ತಿದಾರೆ. ಚಹಾ ಕೊಡೋಕೆ ಮುಂಚೆ ಯಾರು ನೀವು ಅಂತ ಕೇಳೋ ಊರಾ ಇದು? ಚಹಾ ಮುಗಿಯೋದ್ರೊಳಗೆ ಮಾತುಕತೆ ಮುಗಿದಿರುತ್ತೆ."

ಶಾಮಾಳಿಗೆ ನಗು ಉಕ್ಕಿತು, ತುಟಿ ಕಚ್ಚಿ ತಡೆದಳು. ಉರಿ ತನಗೊಬ್ಬಳಿಗೇ ಅಂದುಕೊಂಡಿದ್ದಳು. ಇವನು ತನಗಿಂತ ಹೆಚ್ಚು ಬೆಂದಿದ್ದ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನೀನು ಬೇಡ ಅಂದ್ರೆ ನಾಳೆಯಿಂದ ಚಹಾ ಯಾರಿಗೆ ಕೊಡ್ಲಿ?"

ಅವಳು ಪರದೆಯತ್ತ ತಿರುಗಿ, ಅಳಿಸಿದ್ದ ಓಣಿಯನ್ನು ಮತ್ತೆ ಎಳೆದಳು. ತಿರುವು, ಕಮಾನು, ಕೊನೆಗೆ ತನ್ನ ಮನೆ. ಜವಾದ್‌ನ ಮುಖ ಬಾಡಿತು.

"ಹಾಗಾದ್ರೆ ನಾಳೆ ಅವರು ಬರ್ತಾರೆ."

"ನಕ್ಷೆ ಸುಳ್ಳು ಹೇಳಬಾರದು ಜವಾದ್. ಬರೋರು ಬರ್ಲಿ." ಅವನು ಸರಿಸಿದ್ದ ಗ್ಲಾಸನ್ನು ಅವಳು ಎತ್ತಿಕೊಂಡಳು. "ನಿಮ್ಮಮ್ಮ ಇವತ್ತು ಸಂಜೇನೇ ಸಕ್ಕರೆ ತಗೊಂಡು ಬರ್ಲಿ. ದಾರಿ ಹಾಕಿದೀನಲ್ಲ."