ಟಾಲೂಯೀನ್ ಬೇಡವಾದ ಮೇಲೆ

ಅವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಬಣ್ಣದ ಪುಡಿ ಮಾಡುವ ಕಾರ್ಖಾನೆ ಅದು. ಬಳಸಿ ಕೊಳೆಯಾದ ಟಾಲೂಯೀನ್ ದ್ರಾವಕವನ್ನು ಬಟ್ಟಿ ಇಳಿಸಿ, ಶುದ್ಧ ಮಾಡಿ ವಾಪಸು ಕೊಡುವುದು ಅವನ ಕೆಲಸ. ವರ್ಷಗಟ್ಟಲೆ ಆ ಆವಿಯ ಪಕ್ಕ ನಿಂತು ಮೂಗು ಸತ್ತುಹೋಗಿತ್ತು.

ಹೊಸದಾಗಿ ಬಂದ ಕೆಮಿಸ್ಟ್‌ಗೆ ಇದು ಗೊತ್ತಿರಲಿಲ್ಲ. ಸ್ಯಾಂಪಲ್ ಬಾಟಲಿ ಕೊಡುತ್ತಾ ಅವನು, "ಸೆಂಟ್ ಚೆನ್ನಾಗಿದೆ ಮೇಡಂ," ಎಂದ.

"ನಾನು ಸೆಂಟ್ ಹಾಕೇ ಇಲ್ಲ."

ಅವನ ಕಿವಿ ಕೆಂಪಾಯಿತು. "ನನ್ನ ಮೂಗು ಕೆಲಸ ಮಾಡಲ್ಲ. ಮಾತು ಶುರು ಮಾಡೋಕೆ ಬೇರೇನೂ ಹೊಳೀಲಿಲ್ಲ."

ಅವಳು ಕನ್ನಡಕ ಮೇಲೆತ್ತಿ ಅವನನ್ನು ಪೂರ್ತಿ ನೋಡಿದಳು. ಆಮೇಲೆ ನಕ್ಕಳು. ಅಂದಿನಿಂದ ಸ್ಯಾಂಪಲ್ ತರಲು ತಾನೇ ಹೋಗತೊಡಗಿದಳು.

ಕಾರ್ಖಾನೆಯವರು ಅವಳನ್ನು ಕರೆಸಿದ್ದೇ ಟಾಲೂಯೀನ್ ಬಳಕೆ ನಿಲ್ಲಿಸಲು. ಅದರ ಬದಲು ನೀರು, ಜೊತೆಗೆ ಚಿಟಿಕೆ ಸೋಪಿನಂಥ ಪದಾರ್ಥ. "ಕೊಳೆ ಮಾಡಿ ತೊಳೆಯೋದಲ್ಲ, ಕೊಳೇನೇ ಮಾಡಬಾರದು," ಎಂದು ಒಂದು ದಿನ ಉತ್ಸಾಹದಿಂದ ಹೇಳಿದಳು. ಹೇಳಿದ ಮೇಲೆ ಅವನ ಮುಖ ನೋಡಿದಳು. ಅವನು ತೊಳೆಯುವವನು.

"ಅಕ್ಕನ ಹತ್ರ ನಮ್ಮ ಮದುವೆ ವಿಷಯ ಹೇಳ್ದೆ," ಎಂದ ಅವನು. "ಹುಡುಗಿ ಏನು ಮಾಡ್ತಾಳೆ ಅಂದ್ಲು."

"ಏನಂದ್ರಿ?"

"ನನ್ನ ಕೆಲಸ ತೆಗೆಸ್ತಾಳೆ ಅಂದೆ."

ನಗಿಸಲು ಹೇಳಿದ್ದು. ಅವಳಿಗೆ ನಗು ಬರಲಿಲ್ಲ.

ನೀರಿನಲ್ಲಿ ಮಾಡಿದ ಬ್ಯಾಚ್ ಬೇಗನೆ ಸರಿಬಂತು. ಆದರೂ ಮ್ಯಾನೇಜರ್ ವಿಚಾರಿಸಿದಾಗ, "ಪುಡಿ ನೀರಿನಿಂದ ಬೇರೆಯಾಗ್ತಿಲ್ಲ ಸರ್, ಇನ್ನೂ ಟೈಮ್ ಬೇಕು," ಎಂದಳು. ಮುಂದಿನ ತಿಂಗಳೂ ಅದನ್ನೇ ಹೇಳಿದಳು.

ಅವನು ಲ್ಯಾಬಿಗೆ ಬಂದಾಗ ಫಿಲ್ಟರ್ ಕಾಗದದ ಮೇಲೆ ನೀಲಿ ಪುಡಿ ಒಣಗುತ್ತಿತ್ತು. ಕೆಳಗಿನ ನೀರು ತಿಳಿಯಾಗಿತ್ತು.

"ಬೇರೆಯಾಗಿದೆಯಲ್ಲ."

"ಆಗಿದೆ."

"ಮತ್ತೆ ಸುಳ್ಳು ಯಾಕೆ?"

"ಕೆಲಸ ಹೋದ್ರೆ ನೀವು ಇಲ್ಲಿರಲ್ಲ. ಅದಕ್ಕೆ."

ಅವನು ಸ್ಟೂಲಿನ ಮೇಲೆ ಕೂತ. "ನನ್ನ ಜೊತೆ ಶಿಫ್ಟ್ ಮಾಡೋನಿಗೆ ಮಗು ಹುಟ್ಟಿದೆ. ಅದರ ತಲೆ ಮೂಸಿ ನೋಡಿದ್ನಂತೆ. ವಾಸನೆಯೇ ಗೊತ್ತಾಗ್ಲಿಲ್ಲ ಅಂತ ನಿನ್ನೆ ನನ್ನೆದುರು ಅತ್ತ. ನಿಜ ಹೇಳಿಬಿಡಿ."

"ಹೇಳಿದ್ರೆ ನಮ್ಮ ಮದುವೆ?"

"ನಿಮ್ಮ ಸಂಬಳದಲ್ಲಿ ಕೂತು ತಿನ್ನೋಕೆ ನನಗಾಗಲ್ಲ. ಕೊಬ್ಬು ಅಂತ ಬೇಕಾದ್ರೂ ಅನ್ಕೊಳ್ಳಿ."

"ಕೊಬ್ಬೇ," ಎಂದಳು. ಎಂದವಳು ಅವನ ಕೈ ಹಿಡಿದಳು. ಬಿಸಿ ಪೈಪು ತಾಗಿದ ಹಳೆಯ ಕಲೆಗಳು ಬೆರಳಿಗೆ ಸಿಕ್ಕವು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಹೇಳಿದ ಮಾತನ್ನೂ ಬದಲಿಸಲಿಲ್ಲ.

ಮರುದಿನ ಅವಳು ಮ್ಯಾನೇಜರ್‌ಗೆ ನಿಜ ಹೇಳಿದಳು.

ಬಟ್ಟಿ ನಿಂತು ಕೆಲಸ ಹೋದ ಮೇಲೆ ಅವನಿಗೆ ಬೇರೆ ಕೆಲಸ ಸಿಕ್ಕಿದ್ದು ದೂರದ ಇನ್ನೊಂದು ಕಾರ್ಖಾನೆಯಲ್ಲಿ. ಅದೇ ಟಾಲೂಯೀನ್, ಅದೇ ಬಟ್ಟಿ. ಬಸ್ಸಿನ ಕಿಟಕಿಯ ಕೆಳಗೆ ನಿಂತು ಅವಳು, "ಮದುವೆಯಾಗಿ ಅಲ್ಲಿಗೂ ಬರ್ತೀನಿ," ಎಂದಳು.

"ಬರಬೇಡಿ. ನೀವು ಬಂದ್ರೆ ಆ ಕೆಲಸಾನೂ ಹೋಗುತ್ತೆ."

ಇಬ್ಬರೂ ನಕ್ಕರು. ಅವನು ಮೊದಲು ನಿಲ್ಲಿಸಿದ. ಬಸ್ಸು ಹೊರಟಿತು.

ನೀರಿನ ವಿಧಾನ ಚೆನ್ನಾಗಿ ನಡೆಯುತ್ತಿದೆ. ಹೋದದ್ದು ಒಂದು ಬಟ್ಟಿ ಯಂತ್ರ, ಮೂವರ ಕೆಲಸ, ಒಂದು ಮದುವೆ.